ಹಿತ್ತಲ ಬಂಡೆಯ ಸಿಪ್ಪೆ

ಮಾಳಮಡ್ಡಿ, ಧಾರವಾಡ
೧೯-೧-೧೯೯೬, ಶುಕ್ರವಾರ

ನಮ್ಮ ಮನೆಯ ಮಾಸ್ತರರಿಗೆ ಮಂದಾಕಿನಿಯ ನಮಸ್ಕಾರಗಳು.

ನಾನೂ ಮಗಳು ದುರ್ಗಾಳೂ ಆರಾಮ ಇದ್ದೇವೆ. ಮೈಸೂರಿನ ಊಟ ನಿಮಗೆ ಸಪ್ಪೆ ಎನಿಸುತ್ತಿರಬಹುದು. ಚೀಲದ ತಳದಲ್ಲಿ ಊಟಕ್ಕೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕಟ್ಟಿಟ್ಟಿದ್ದೇನೆ, ಹುಡುಕಿಕೊಳ್ಳಿ. ಅಂಚೆಗೆ ಹಾಕಿದರೆ ಈ ಪತ್ರ ಭಾನುವಾರದೊಳಗೆ ಮುಟ್ಟುವುದಿಲ್ಲ. ಪಕ್ಕದ ಮನೆಯ ಗುಲಾಬಸಾಬರು ಇವತ್ತೇ ಮೈಸೂರಿಗೆ, ತಮ್ಮ ಮಗಳ ಮನೆಗೆ, ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರ ಶಿಕ್ಷಕರ ಸಮ್ಮೇಳನದಲ್ಲಿ ಪ್ರಬಂಧ ಓದಲು ನಿಲ್ಲುವ ಮೊದಲೇ ಇದನ್ನು ಓದಿರಿ.

ನಿನ್ನೆ ದುರ್ಗಾ ಆ ಪ್ರಬಂಧದ ಕಚ್ಚಾ ಪ್ರತಿ ತೆಗೆದು ಓದಿ ಹೇಳಿದಳು. ಕಲ್ಲು ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಸಿಪ್ಪೆ ಎದ್ದು, ಸಾವಿರಾರು ವರ್ಷಕ್ಕೆ ಪುಡಿಯಾಗಿ ಮಣ್ಣಾಗುತ್ತದೆ ಎಂಬಲ್ಲಿಯವರೆಗೆ ನಾನೂ ತಲೆದೂಗಿದೆ. ಆಮೇಲೆ ನಮ್ಮ ಹಿತ್ತಲ ಬಂಡೆ ಬಂತು. ಎಂಟೇ ವರ್ಷದಲ್ಲಿ ಅದು ಎರಡು ಬೆರಳು ಸವೆದಿದೆ, ಧಾರವಾಡದ ಹವೆಗೆ ಕಲ್ಲು ಅಷ್ಟು ಬೇಗ ಮಣ್ಣಾಗುತ್ತದೆ ಎಂದು ಬರೆದಿದ್ದೀರಿ. ಆ ಸಾಲನ್ನು ದುರ್ಗಾಳಿಂದ ಇನ್ನೊಮ್ಮೆ ಓದಿಸಿದೆ.

ಧಾರವಾಡದ ಹವೆಯ ಮೇಲೆ ಸುಮ್ಮನೆ ಹೊರೆ ಹೊರಿಸಬೇಡಿರಿ. ಆ ಕೆಲಸ ನನ್ನದು. ನೀವು ಸ್ನಾನ ಮುಗಿಸಿ ಸಾಲಿಗೆ ಪಾಠ ಹೇಳಲು ಹೋದ ಮೇಲೆ ಬಚ್ಚಲ ಒಲೆಯ ಕೆಂಡವನ್ನೆಲ್ಲ ಆ ಬಂಡೆಯ ಮೇಲೆ ಸುರಿದು, ತಣ್ಣೀರು ಹಾಕಿ ಆರಿಸುತ್ತೇನೆ. ಅಡಿಗೆಯ ಶೆಗಡಿಗೆ ಇದ್ದಿಲು ಬೇಕಲ್ಲ, ಅತ್ತೆಯವರು ಕಲಿಸಿದ್ದು. ಕಾದ ಕಲ್ಲಿಗೆ ನೀರು ಬಿದ್ದರೆ ಚಟ್ಟೆಂದು ಸಿಪ್ಪೆ ಹಪ್ಪಳದ ಹಾಗೆ ಏಳುತ್ತದೆ. ಮಸಿ ಕಂಡರೆ ನೀವು ಗೊಣಗುತ್ತೀರೆಂದು ತಿಕ್ಕಿ ತೊಳೆದುಬಿಡುತ್ತಿದ್ದೆ. ಸಂಜೆ ನೀವು ಪಟ್ಟಿ ಹಿಡಿದು ಅಳೆಯುತ್ತಿದ್ದಿರಿ. ಅದು ಸಮ್ಮೇಳನಕ್ಕೆ ಹೋಗುತ್ತದೆಂದು ನನಗೇನು ಗೊತ್ತು?

ದುರ್ಗಾ, "ಅವ್ವಾ, ಅಪ್ಪಾಗ ಹೇಳಬ್ಯಾಡ. ಎಂಟ ವರ್ಷದ ಕೆಲಸ ಅದ, ಭಾಳ ಮನಸ್ಸಿಗೆ ಹಚ್ಕೋತಾರ" ಎಂದಳು. ಸುಮ್ಮನಿದ್ದುಬಿಡೋಣ ಎಂದು ನನಗೂ ಅನಿಸಿತು. ಆದರೆ ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ಅಷ್ಟು ಜನರ ಮುಂದೆ ನಿಮ್ಮ ಮಾನ ಹೋಗುತ್ತದೆ. ಯಾರೂ ಕೇಳದಿದ್ದರೆ ಇನ್ನೂ ಕೆಟ್ಟದ್ದು. ಆ ಮಾಸ್ತರರೆಲ್ಲ ಊರೂರಿಗೆ ಹೋಗಿ ಹುಡುಗರಿಗೆ ಅದನ್ನೇ ಕಲಿಸುತ್ತಾರೆ. ಅದನ್ನು ನೀವು ಸಹಿಸುವವರಲ್ಲ.

ಸಿಟ್ಟು ಬಂದರೆ ಬರಲಿ, ಊರಿಗೆ ಬಂದ ಮೇಲೆ ಬೈಯಿರಿ. ಬಂಡೆಯ ಬುಡದಲ್ಲಿ ಆ ಪುಡಿ, ಒಣಗಿದ ಎಲೆ, ಪಾತ್ರೆ ತೊಳೆದ ನೀರು ಎಲ್ಲ ಸೇರಿ ಒಂದು ಬುಟ್ಟಿಯಷ್ಟು ಛಲೋ ಮಣ್ಣಾಗಿದೆ. ಮೆಂತ್ಯ ಹಾಕಿದ್ದೆ, ನಾಟಿದೆ. ಅಷ್ಟು ಮಣ್ಣಂತೂ ಖರೆ. ಸಭೆಯಲ್ಲಿ ಇದನ್ನೆಲ್ಲ ಹೇಳುವುದಾದರೆ ನನ್ನ ಹೆಸರು ಹೇಳಲು ಸಂಕೋಚಪಡಬೇಡಿರಿ.

ನಿಮ್ಮ
ಮಂದಾಕಿನಿ

ತಾ.ಕ.: ಮೇಲೆ ಒಂದು ಮಾತು ಮುಚ್ಚಿಟ್ಟೆ. ಗ್ಯಾಸ್ ಬಂದು ಮೂರು ವರ್ಷವಾಯಿತು, ಶೆಗಡಿ ಹೊತ್ತಿಸಿಲ್ಲ. ಇದ್ದಿಲಿನ ಚೀಲಗಳು ಅಟ್ಟದ ಮೇಲೆ ಹಾಗೇ ಇವೆ. ಉಳಿದ ದಿನ ನೀವು ನನ್ನನ್ನು ಕರೆಯುವುದು "ಏ, ಇಲ್ಲೆ ಕೇಳ" ಎಂದು. ಸಿಪ್ಪೆ ಎದ್ದ ದಿನ ಮಾತ್ರ ಹಿತ್ತಲಿನಿಂದ "ಮಂದಾಕಿನಿ, ಲಗೂ ಬಾ" ಎಂದು ಕೂಗುತ್ತಿದ್ದಿರಿ. ಅದನ್ನು ಕೇಳುವ ಆಸೆಗೇ ಕೆಂಡ ಸುರಿಯುತ್ತ ಬಂದೆ.