ನಮ್ಮೂರಿನ ಇಪ್ಪತ್ನಾಲ್ಕು ನಿಮಿಷ

ಶಾಲೆಗಳ ತಪಾಸಣೆಗೆಂದು ಜೀಪಿನಲ್ಲಿ ಬಂದುಹೋಗುವ ಮಾನ್ಯರೇ,

ನಿಮ್ಮ ನೋಟಿಸಿಗೆ ಹೆದರಿ, ಏಳನೇ ತರಗತಿಯ ಮೂವತ್ತೊಂದು ಮಕ್ಕಳಿಗೆ ನಾನು ಸುಳ್ಳು ಪಾಠ ಮಾಡಿದ್ದೇನೆ. ಮೊನ್ನೆ ಸೋಮವಾರ, ಬೋರ್ಡಿನ ಮೇಲೆ, ದುಂಡಗಿನ ಅಕ್ಷರದಲ್ಲಿ. ನೋಟಿಸು ಬಂದಾಗಲೇ ನಿಮ್ಮ ಕಚೇರಿಗೆ ಬರೆದ ಎರಡು ಕಾಗದಗಳಿಗೆ ಉತ್ತರ ಬಾರದ ಕಾರಣ, ಇದನ್ನು ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇನೆ. ಪತ್ರಿಕೆಯನ್ನಾದರೂ ತಾವು ಓದುತ್ತೀರಿ ಎಂದು ನಂಬಿದ್ದೇನೆ.

ನಮ್ಮದು ತಿಪಟೂರಿಗೂ ಹಂದನಕೆರೆಗೂ ನಡುವೆ, ತೆಂಗಿನ ತೋಟಗಳ ಮಧ್ಯೆ ಇರುವ ಶಾಲೆ. ಗ್ಲೋಬು ಬೇಕೆಂದು ಕೇಳಿ ಮೂರು ವರ್ಷವಾಯಿತು. ಪ್ರಪಂಚದ ಕಾಲಮಾನದ ಪಾಠ ಬಂದಾಗ ನಾನು ಸುಲಿದ ತೆಂಗಿನಕಾಯಿಯ ಮೇಲೆ ಸೀಮೆಸುಣ್ಣದಲ್ಲಿ ರೇಖೆಗಳನ್ನು ಎಳೆದು, ಕಿಟಕಿಯ ಬಿಸಿಲಿನಲ್ಲಿ ತಿರುಗಿಸಿ ತೋರಿಸಿದೆ. ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ನಾವು ಮಧ್ಯಾಹ್ನ ಉಣ್ಣುವಾಗ ಲಂಡನ್ನಿನ ಮಕ್ಕಳು ಹಲ್ಲುಜ್ಜುತ್ತಿರುತ್ತಾರೆ ಎಂದಾಗ ಇಡೀ ತರಗತಿ ನಕ್ಕಿತು. ನಗದೆ ಕೂತಿದ್ದವಳು ಪವಿತ್ರ ಒಬ್ಬಳೇ.

"ಸಾ, ನಮ್ಮಜ್ಜಿ ಮದ್ಯಾನ ಆಯ್ತು ಅಂದಾಗ ರೇಡಿಯೋದಾಗೆ ಆಗ್ಲೇ ಹನ್ನೆರಡೂವರೆ ಹತ್ರ ಆಗಿರ್ತದೆ. ಅಜ್ಜಿ ಸುಳ್ಳಾ, ರೇಡಿಯೋ ಸುಳ್ಳಾ?"

ಅವಳ ಅಜ್ಜಿ ಚಿಕ್ಕಗಂಗಮ್ಮನವರ ತೋಟದಲ್ಲಿ ಮರಗಳನ್ನು ತೆಂಕು ಬಡಗಾಗಿ ಸಾಲು ಹಿಡಿದು ನೆಟ್ಟಿದ್ದಾರೆ. ಚಳಿಗಾಲದಲ್ಲಿ ಒಂದು ಮರದ ನೆರಳು ಅದೇ ಸಾಲಿನ ಮುಂದಿನ ಮರದ ಕಡೆಗೆ ನೆಟ್ಟಗೆ ಬಿದ್ದರೆ ಆಕೆಗೆ ಮಧ್ಯಾಹ್ನ. ಕಾಯಿ ಕೀಳುವವರಿಗೆ ಮುದ್ದೆ ಹೊತ್ತು ಹೊರಡುವುದು ಆಗಲೇ. ನಲವತ್ತು ವರ್ಷದಿಂದ ಆಕೆ ಗಡಿಯಾರ ಕೇಳಿಲ್ಲ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆ ನನಗೆ ಬಂದಿರಲಿಲ್ಲ. ಡಿಸೆಂಬರಿನ ಕೊನೆಯ ವಾರ ಶಾಲೆಯ ಅಂಗಳದಲ್ಲಿ ಗಳ ನೆಟ್ಟು, ಸುತ್ತ ವೃತ್ತ ಎಳೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ್ದು ಎಷ್ಟಕ್ಕೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ್ದು ಎಷ್ಟಕ್ಕೆ ಎಂದು ರೇಡಿಯೋಗೆ ಹೊಂದಿಸಿದ ಗಡಿಯಾರ ನೋಡಿ ಮಕ್ಕಳೇ ಬರೆದರು. ಆ ಎರಡು ಹೊತ್ತಿನ ನಟ್ಟನಡುವೆ, ಅಂದರೆ ನಮ್ಮೂರಿನ ನಡುಮಧ್ಯಾಹ್ನಕ್ಕೆ, ಗಡಿಯಾರದಲ್ಲಿ ಹನ್ನೆರಡು ಗಂಟೆ ಇಪ್ಪತ್ನಾಲ್ಕು ನಿಮಿಷ. ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿಯ ರೇಖೆಯ ಲೆಕ್ಕದಲ್ಲಿ. ನಾವಿರುವುದು ಅದಕ್ಕೆ ಆರು ಡಿಗ್ರಿ ಪಶ್ಚಿಮಕ್ಕೆ. ಆರು ನಾಲ್ಕಲ ಇಪ್ಪತ್ನಾಲ್ಕು! ಅಜ್ಜಿಯೂ ಸುಳ್ಳಲ್ಲ, ರೇಡಿಯೋವೂ ಸುಳ್ಳಲ್ಲ. ಒಂದು ಊರಿನ ಹೊತ್ತು, ಇನ್ನೊಂದು ಎಲ್ಲರೂ ಒಪ್ಪಿಕೊಂಡ ಹೊತ್ತು. ವರ್ಷದ ಬೇರೆ ತಿಂಗಳಲ್ಲಿ ಇದು ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ ಎಂಬುದನ್ನೂ ಹೇಳಿದೆ. ಆ ದಿನ ಮಕ್ಕಳು ಕೂಗಾಡಿದ ರೀತಿಗೆ ಪಕ್ಕದ ಕೋಣೆಯಿಂದ ರಾಧಾಮಣಿ ಮೇಡಂ ಗಾಬರಿಯಾಗಿ ಓಡಿಬಂದರು. ಅಷ್ಟು ಸಂತೋಷ ಈ ನೌಕರಿಯಲ್ಲಿ ನನಗೆ ಇನ್ನೆಂದೂ ಸಿಕ್ಕಿಲ್ಲ.

ಜನವರಿಯಲ್ಲಿ ತಾವು ದಯಮಾಡಿಸಿದಿರಿ. ಸೂರ್ಯ ನೆತ್ತಿಗೆ ಬರುವುದು ಎಷ್ಟು ಗಂಟೆಗೆ ಎಂದು, ಅಷ್ಟು ಮಕ್ಕಳಲ್ಲಿ ಪವಿತ್ರಳನ್ನೇ ಕೇಳಿದಿರಿ.

"ಮಿರ್ಜಾಪುರಕ್ಕಾ ಸಾ, ನಮ್ಮೂರಿಗಾ?" ಎಂದಳು. ಆಮೇಲೆ ನಮ್ಮೂರಿನ ಉತ್ತರ ಹೇಳಿದಳು.

"ಇಡೀ ದೇಶಕ್ಕೆ ಒಂದೇ ಟೈಮು. ನಿಮ್ಮೂರೇನು ಬೇರೆ ದೇಶವೇನಮ್ಮ?" ಎಂದಿರಿ. ಅವಳು ಕೂತಳು. ವಾರದೊಳಗೆ ನೋಟಿಸು ಬಂತು: ರಾಷ್ಟ್ರೀಯ ಕಾಲಮಾನದ ಬಗ್ಗೆ ಮಕ್ಕಳಲ್ಲಿ ಗೊಂದಲ ಬಿತ್ತಿದ್ದೇನಂತೆ. ತಪ್ಪೊಪ್ಪಿಗೆ ಬರೆದುಕೊಟ್ಟು, ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕೇ ಎಂದು ಮರುಪಾಠ ಮಾಡಿ, ಮಕ್ಕಳ ನೋಟ್‌ಬುಕ್ಕುಗಳನ್ನು ಕಚೇರಿಗೆ ತಂದು ತೋರಿಸಬೇಕಂತೆ. ಇಲ್ಲವಾದರೆ ಅಮಾನತು.

ಮಾನ್ಯರೇ, ನೋಟಿಸಿನ ಒಂದು ಪ್ರತಿ ಸೂರ್ಯನಿಗೂ ಹೋಗಿದೆಯೇ? ಮಿರ್ಜಾಪುರ ದಾಟಿದವನು ಅದೇ ಕ್ಷಣಕ್ಕೆ ನಮ್ಮ ತೋಟದ ಮೇಲೂ ಹಾಜರಿ ಹಾಕಬೇಕೆಂದರೆ ಅವನಿಗೆ ಇಲಾಖೆಯಿಂದ ಜೀಪು ಕೊಟ್ಟಿದ್ದೀರಾ? ಅಂಗಳದಲ್ಲಿ ಗಳ ಇನ್ನೂ ನೆಟ್ಟೇ ಇತ್ತು. ಹತ್ತು ಹೆಜ್ಜೆ ನಡೆದು ನೋಡಲು ತಮಗೆ ಏನು ಅಡ್ಡಿಯಾಯಿತು?

ಇಷ್ಟೆಲ್ಲ ಕೇಳುವ ನಾನು ಸಹಿ ಹಾಕಿದ್ದೇಕೆ ಎಂದು ತಾವು ಕೇಳಬಹುದು. ಶಾಲೆಯಲ್ಲಿರುವುದು ನಾವಿಬ್ಬರೇ. ರಾಧಾಮಣಿ ಮೇಡಂ ಕೈಯಲ್ಲಿ ಒಂದರಿಂದ ನಾಲ್ಕು, ಮಿಕ್ಕಿದ್ದೆಲ್ಲ ನನ್ನ ತಲೆಗೆ. "ಬರ್ದು ಕೊಟ್ಬುಡಿ ಸಾರ್," ಎಂದರು ಅವರು. "ಮಾರ್ಚಿಗೆ ಪಬ್ಲಿಕ್ ಪರೀಕ್ಷೆ. ನೀವು ಮನೇಲಿ ಕೂತ್ರೆ ಏಳನೇ ಕ್ಲಾಸಿಗೆ ಯಾರು ಬತ್ತಾರೆ? ಹೆಣ್ಮಕ್ಳು ಫೇಲಾದ್ರೆ ಮತ್ತೆ ಶಾಲೆಗೆ ಕಳಿಸ್ತಾರಾ ಈ ಊರಲ್ಲಿ?" ಅವರೆದುರೇ ಸಹಿ ಹಾಕಿದೆ. ನಿಜ ಹೇಳಿದರೆ ಮಕ್ಕಳಿಗೆ ಮೇಷ್ಟ್ರಿಲ್ಲ. ಮೇಷ್ಟ್ರು ಉಳಿದರೆ ಅವರಿಗೆ ನಿಜವಿಲ್ಲ. ಎತ್ತ ತಿರುಗಿದರೂ ದಾರಿ ಕಟ್ಟಿದ್ದೀರಿ. ನನಗೆ ನಾಚಿಕೆಯಾಗುತ್ತದೆ, ನಿಮ್ಮ ಮೇಲೆ ಸಿಟ್ಟೂ ಬರುತ್ತದೆ. ಆದರೂ ಸಹಿ ನನ್ನದೇ.

ಚಿಕ್ಕಗಂಗಮ್ಮನವರು ಶಾಲೆಯ ಬಾಗಿಲಿಗೇ ಬಂದರು. "ಏನ್ ಮೇಷ್ಟ್ರೇ, ಮುದುಕಿ ಹೇಳಿದ್ದು ಸುಳ್ಳು ಅಂತ ಕಾಗ್ದದಾಗೆ ಬರ್ಕೊಟ್ರಂತೆ? ನಿಮ್ಮ ಕಣ್ಣಾರೆ ನೋಡಿರ್ಲಿಲ್ವೇನಪ್ಪ ನೀವು?" ಅಷ್ಟು ಕೇಳಿ ಆಕೆ ತೋಟಕ್ಕೆ ಹೋದರು.

ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಸೋಮವಾರ ನಡೆದದ್ದು. ಬೋರ್ಡಿನ ಮೇಲೆ ನಿಮ್ಮ ಹನ್ನೆರಡು ಗಂಟೆಯನ್ನು ಬರೆದು, ನಕಲು ಮಾಡಿಕೊಳ್ಳಿ ಎಂದೆ. ಪವಿತ್ರ ಎದ್ದು ನಿಂತಳು. ಜಗಳಕ್ಕೆ ಬಂದಾಳು ಎಂದು ಕಾದೆ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾ, ಇದು ಪರೀಕ್ಷೆಗಾ, ನಿಜ್ವಾಗ್ಲೂನಾ?"

"ಪರೀಕ್ಷೆಗೆ ಕಣಮ್ಮ," ಎಂದೆ.

"ಹಂಗಾದ್ರೆ ಸರಿ ಬುಡಿ ಸಾ," ಎಂದು ಕೂತು ಬರೆದುಕೊಂಡಳು. ಅಂದಿನಿಂದ ಇಂದಿನವರೆಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮೂವತ್ತೊಂದು ನೋಟ್‌ಬುಕ್ಕಿನ ಆ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲು ನನಗೆ ಲಿಖಿತ ಅನುಮತಿ ಕೊಡಿ. ಮಾರ್ಚಿಗೆ ಮೊದಲೇ ಕೊಡಿ. ಕೊಡದಿದ್ದರೆ ನಾನೇನೂ ಮಾಡುವುದಿಲ್ಲ, ಹೆದರಬೇಡಿ. ಬರುವ ವರ್ಷದ ಮಕ್ಕಳಿಗೂ ಅದನ್ನೇ ಬರೆಸುತ್ತೇನೆ. ಅವರಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಈಗ ತಿದ್ದಿಕೊಂಡಿರುವ,
ಪರಮಶಿವಯ್ಯ, ಸಹಶಿಕ್ಷಕ