ಮತ್ಸ್ಯಾವತಾರದ ಪೀಠಿಕೆ

೧೨ ಫೆಬ್ರವರಿ ೨೦೨೫, ಬುಧವಾರ. ಶಿರಾಳಕೊಪ್ಪ.

ಸೊಸೆ ಗಂಗಾಶ್ರೀ ಮೂರು ವರ್ಷ ಕೈಯಿಂದಲೇ ಉಣಿಸಿ ಸಾಕಿದ ಎರಡು ಆಸ್ಕರ್ ಮೀನುಗಳನ್ನು ನಾನು ಕೊಂದೆ. ಎಲಾ ದುರುಳ!

ನಿನ್ನೆ ಅವಳು ಸೊರಬದ ತವರಿನಲ್ಲಿದ್ದಳು. ಸಂಜೆ ನಾಟಕದ ಹಳೆಯ ಗೆಳೆಯರು ಬಂದರು. ಅವರಿಗೆ ಮೀನು ತೋರಿಸಲೆಂದು ತೊಟ್ಟಿಗೆ ಪರದೆ ಕಟ್ಟಿ, ಮೇಲೆ ರಂಗದ ಫೋಕಸ್ ದೀಪ ಹಚ್ಚಿದ್ದೆ. ಗಾಳಿ ಪಂಪಿನ ಗುಳುಗುಳು ನನ್ನ ಮಾತಿಗೆ ಅಡ್ಡ ಬರುತ್ತದೆಂದು ಅದನ್ನೂ ಆರಿಸಿದ್ದೆ. ಮತ್ಸ್ಯಾವತಾರದ ಪೀಠಿಕೆಯೇ ಎರಡು ಗಂಟೆ ಹಿಡಿಯಿತು! ಪರದೆ ಸರಿಸಿದರೆ ಎರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ.

“ಏನೋ ಹುಚ್ಚರಾಯಪ್ಪ, ಮೊದಲನೇ ಅಂಕದಾಗೇ ಪಾತ್ರ ಮುಗಿಸಿಬಿಟ್ಟೆಲ್ಲೋ!” ಎಂದು ಬಸವಣ್ಯಪ್ಪ ನಕ್ಕ.

ಆ ಕುಹಕವನ್ನಾದರೂ ನುಂಗಿಕೊಂಡೇನು. ಆದರೆ ಇವತ್ತು ಬಂದವಳಿಗೆ “ಕರೆಂಟು ಹೋಗಿತ್ತಮ್ಮಾ” ಎಂದು ಗದ್ಗದ ಕಂಠದಲ್ಲಿ ಸುಳ್ಳು ಹೇಳಿದೆನಲ್ಲ! ಅವಳು ಅತ್ತಳು, ನಂಬಿದಳು. “ನೀವು ಬೇಜಾರು ಮಾಡ್ಕೋಬೇಡಿ ಮಾವ, ನಿಮ್ದೇನು ತಪ್ಪು? ಬೆಳಗ್ಗೆ ಆ ಲೈನ್‌ಮನ್‌ನೇ ಹಿಡ್ದು ಕೇಳ್ತೀನಿ” ಎಂದು ನನಗೇ ಸಮಾಧಾನ ಹೇಳಿದಳು.

ಆ ಬಡಪಾಯಿ ಬೈಸಿಕೊಳ್ಳುವ ಮೊದಲು ನಿಜ ಹೇಳಬೇಕು. ಕನ್ನಡಿಯ ಮುಂದೆ ಹೇಳಿ ನೋಡಿದೆ. ನಿಜ ಹೇಳುವಾಗಲೂ ಕಂಠ ಏರುತ್ತದೆ, ಕೈ ಎದೆಗೆ ಹೋಗುತ್ತದೆ. ಹಾಗೆ ಹೇಳಿದರೆ ಯಾರು ನಂಬುತ್ತಾರೆ? ಇನ್ನೊಮ್ಮೆ, ಮೆಲ್ಲಗೆ, ಕೈ ಕೆಳಗಿಟ್ಟು: “ಗಂಗಾ, ಪಂಪು ಆರಿಸಿದವನು…”