ಸುಬ್ರಮಣಿಯ ಹೊಗಳಿಕೆ

೧೨ ಆಗಸ್ಟ್ ೨೦೧೬, ಶುಕ್ರವಾರ
ಸಹಕಾರನಗರ

ಸುಬ್ರಮಣಿಯ ಹೊಗಳಿಕೆ ಇನ್ನೂ ಮೈಗೆ ಅಂಟಿಕೊಂಡಿದೆ. ಸ್ನಾನ ಮಾಡಿದರೂ ಹೋಗಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಸಂಜೆ ಅವನ ಹೆಂಡತಿ ತೇಜಸ್ವಿನಿ ಬಂದಿದ್ದಳು. ನಮ್ಮ ಮಹಡಿ ಮನೆಯಲ್ಲೇ ಬಾಡಿಗೆಗೆ ಇದ್ದಾರೆ. ನನ್ನ ಹೆಂಡತಿ ವಿಮಲಾ ಬಳೆ ತೊಡಿಸಲು ಅವಳ ಕೈ ಹಿಡಿದರೆ ಬಳೆ ಏರಲಿಲ್ಲ. ಕೈ ಊದಿತ್ತು, ಮಣಿಕಟ್ಟಿನ ಸುತ್ತ ಬೆರಳುಗಳ ಗುರುತು ನೀಲಿಗಟ್ಟಿತ್ತು. ಕೂತಿದ್ದ ಹೆಂಗಸರೆಲ್ಲ ನೋಡಿದರು, ನೋಡಿ ಲಕ್ಷ್ಮಿಗೆ ಉಡಿಸಿದ ಸೀರೆಯ ಮಾತೆತ್ತಿದರು. ನಾನು ಪೇಪರ್ ಮಡಿಸುತ್ತಿದ್ದೆ.

"ಮನೇಲೇ ಹಾಕ್ಕೊಳಮ್ಮ," ಎಂದು ವಿಮಲಾ ಬಳೆಗಳನ್ನು ತಾಂಬೂಲದ ಚೀಲಕ್ಕೆ ಹಾಕಿದಳು.

"ಇನ್ ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ ಆಂಟಿ."

ಅಷ್ಟರಲ್ಲಿ ಸುಬ್ರಮಣಿಯೇ ಕರೆಯಲು ಬಂದ.

"ನಿಮ್ಮಂಥ ಓನರ್ ಸಿಕ್ಕಿದ್ದು ನಮ್ ಪುಣ್ಯ ಸಾರ್. ಹಳೇ ಓನರ್ ಎಲ್ಲದಕ್ಕೂ ಮೂಗು ತೂರಿಸ್ತಿದ್ದ. ನೀವು ನಮ್ ಬಾಗ್ಲು ಕಡೆ ತಿರುಗೂ ನೋಡಲ್ಲ."

ನಿಜ. ಅದನ್ನೇ ಸಭ್ಯತೆ ಎಂದು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದೇನೆ. ಯಾರ ಗೆರೆಯನ್ನೂ ದಾಟದಿದ್ದರೆ ಯಾರಿಗೂ ಪೆಟ್ಟಾಗುವುದಿಲ್ಲ ಎಂದುಕೊಂಡಿದ್ದೆ. ಆ ಗೆರೆಯೊಳಗೆ ಅವನು ಇಷ್ಟು ನೆಮ್ಮದಿಯಾಗಿದ್ದಾನೆ. ಥೂ.

ತೇಜಸ್ವಿನಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದುಹೋಗಿ, ಅವರಿಬ್ಬರೂ ಹೊರಡಲೆಂದು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದೆ.